ಕ್ಯಾಲಿಪರ್ ಬಿಚ್ಚಿ, ಹೋಸ್ ಬಿಚ್ಚಬೇಡಿ

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಸಣ್ಣ ಕಾರು. ರಜೆ ಬಂತೆಂದರೆ ಮಲ್ಪೆ, ಕಾಪು ಕಡಲತೀರಕ್ಕೆ ಹೋಗುವ ರೂಢಿ. ಈಚೆಗೆ ಅಲಾಯ್ ವೀಲ್ ಹಾಕಿಸಿದ ಮೇಲೆ ಅದರ ಸಂದಿನಿಂದ ಮುಂದಿನ ಬ್ರೇಕ್ ಕ್ಯಾಲಿಪರ್‌ಗಳ ತುಕ್ಕು ಎದ್ದು ಕಾಣುತ್ತಿದೆ. ಅವನ್ನು ಮನೆಯಲ್ಲೇ ಬಿಚ್ಚಿ, ಉಜ್ಜಿ, ಕೆಂಪು ಬಣ್ಣ ಹಚ್ಚಬಹುದೇ? ಬ್ರೇಕಿಗೇನೂ ತೊಂದರೆಯಾಗದಷ್ಟೇ?
ಓದುಗರೊಬ್ಬರು, ಮಣಿಪಾಲ

ಉತ್ತರ: ಹಚ್ಚಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದು, ಒಂದಿಡೀ ರಜಾದಿನ ಕೈಯಲ್ಲಿದ್ದರೆ ಮನೆಯಂಗಳದಲ್ಲೇ ಆಗುವ ಕೆಲಸ ಇದು. ಆದರೆ ಕ್ಯಾಲಿಪರನ್ನು ಅದರ ಜಾಗದಿಂದ ಬಿಚ್ಚುವುದು ಬೇರೆ, ಅದಕ್ಕೆ ಬ್ರೇಕ್ ಆಯಿಲ್ ತರುವ ಹೋಸನ್ನು ಬಿಚ್ಚುವುದು ಬೇರೆ. ಬಣ್ಣಕ್ಕೆ ಮೊದಲನೆಯದಷ್ಟೇ ಸಾಕು. ಎರಡನೆಯದಕ್ಕೆ ಕೈಹಾಕಿದ ಕ್ಷಣದಿಂದ ಅದು ಬಣ್ಣದ ಕೆಲಸವಾಗಿ ಉಳಿಯುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಕಣ್ಣಿಗೆ ಕಾಣುವ ತುಕ್ಕು ನಿಮ್ಮ ಬ್ರೇಕನ್ನು ಕೆಡಿಸುವುದಿಲ್ಲ. ಕ್ಯಾಲಿಪರ್ ಎರಕದ ಕಬ್ಬಿಣದ ದಪ್ಪ ತುಂಡು; ಮೇಲ್ಮೈ ಕೆಂಪಾದರೂ ಅದರ ಬಲ ಕುಂದಲು ಬಹಳ ಕಾಲ ಬೇಕು. ಕೆಡುವುದು ಒಳಗೆ, ಸ್ಲೈಡ್ ಪಿನ್‌ಗಳಲ್ಲಿ. ಸಣ್ಣ ಕಾರುಗಳ ಕ್ಯಾಲಿಪರ್‌ನಲ್ಲಿ ಸಾಮಾನ್ಯವಾಗಿ ಒಂದೇ ಪಿಸ್ಟನ್ ಇರುತ್ತದೆ, ಅದೂ ಒಳಬದಿಗೆ. ಪೆಡಲ್ ತುಳಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲಕ್ಕೆ ಕ್ಯಾಲಿಪರ್‌ನ ಇಡೀ ಮೈ ಎರಡು ಪಿನ್‌ಗಳ ಮೇಲೆ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಆ ಪಿನ್‌ಗಳ ರಬ್ಬರ್ ಬೂಟ್ ಹರಿದು ಉಪ್ಪುನೀರು ಒಳಹೊಕ್ಕರೆ ಜಾರುವಿಕೆ ನಿಲ್ಲುತ್ತದೆ. ಆಗ ಒಳಗಿನ ಪ್ಯಾಡ್ ಸವೆದು ತಗಡಾಗುತ್ತದೆ, ಹೊರಗಿನದು ಹೊಸದರಂತೆ ಉಳಿಯುತ್ತದೆ. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯಬಹುದು. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿರಬಹುದು.

ನಮ್ಮ ಊರಿನಲ್ಲಿ ಇದಕ್ಕೆ ಮಹತ್ವ ಹೆಚ್ಚು. ನಿಮ್ಮ ಮನೆಯ ಹತ್ತಿರವೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಮಲ್ಪೆಯನ್ನು ತೀರ್ಥಹಳ್ಳಿಗೆ ಜೋಡಿಸುತ್ತದೆ. ಅದರ ಒಂದು ತುದಿಯಲ್ಲಿ ಕಡಲಿನ ಉಪ್ಪುಗಾಳಿ. ಇನ್ನೊಂದು ದಿಕ್ಕಿಗೆ ಹೊರಟರೆ ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ, ಅದರ 14 ಕಡಿದಾದ ತಿರುವುಗಳು. ಕಡಲಬದಿಯಲ್ಲಿ ತುಕ್ಕು ಹಿಡಿದ ಪಿನ್ನಿನ ನಿಜವಾದ ಪರೀಕ್ಷೆ ನಡೆಯುವುದು ಘಾಟಿ ಇಳಿಯುವಾಗ. ಹಾಗಾಗಿ ಬಣ್ಣದ ನೆಪದಲ್ಲಾದರೂ ಕ್ಯಾಲಿಪರ್ ಬಿಚ್ಚಿದರೆ ಆ ಎರಡು ಪಿನ್‌ಗಳನ್ನು ಹೊರಗೆಳೆದು ನೋಡಿ ಎಂಬುದು ನನ್ನ ಮುಖ್ಯ ಮಾತು.

ಇನ್ನು ಕೆಲಸಕ್ಕೆ ಬರೋಣ. ಮಣಿಪಾಲದಲ್ಲಿ ಸಮತಟ್ಟಾದ ಅಂಗಳ ಸಿಗುವುದೇ ಕಷ್ಟ. ಆದರೂ ಸಮತಟ್ಟು ಜಾಗವೇ ಬೇಕು. ಮುರಕಲ್ಲಿನ ಮಣ್ಣಿನ ಅಂಗಳವಾದರೆ ಜಾಕ್ ಹೂತುಹೋಗದಂತೆ ಅಡಿಯಲ್ಲಿ ದಪ್ಪ ಹಲಗೆ ಇಡಿ. ಗೇರ್‌ನಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಬೇಕು. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸುವುದಕ್ಕಷ್ಟೇ ಇರುವುದು. ಅದರ ಭರವಸೆಯಲ್ಲಿ ಕೆಲಸ ಮಾಡಬಾರದು. ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಚಕ್ರ ತೆಗೆಯಿರಿ. ಒಂದು ಬದಿ ಪೂರ್ತಿ ಮುಗಿಸಿದ ಮೇಲೆ ಇನ್ನೊಂದು ಬದಿ. ಜೋಡಿಸುವಾಗ ಅನುಮಾನ ಬಂದರೆ ಬಿಚ್ಚದ ಬದಿಯನ್ನು ನೋಡಿಕೊಳ್ಳಬಹುದು.

ಕ್ಯಾಲಿಪರ್‌ನ ಹಿಂಭಾಗದಲ್ಲಿ ಮೇಲೊಂದು ಕೆಳಗೊಂದು ಸಣ್ಣ ಬೋಲ್ಟ್ ಇರುತ್ತವೆ. ಅವು ಪಿನ್‌ಗಳಿಗೆ ಸೇರಿದವು. ಬೋಲ್ಟ್ ತಿರುಗಿಸುವಾಗ ಪಿನ್ನೂ ಜೊತೆಗೆ ತಿರುಗಿದರೆ ತೆಳು ಸ್ಪ್ಯಾನರ್‌ನಿಂದ ಪಿನ್ನನ್ನು ಹಿಡಿದುಕೊಳ್ಳಬೇಕು. ಅವುಗಳಿಗಿಂತ ದೊಡ್ಡ ಎರಡು ಬೋಲ್ಟ್‌ಗಳು ಕ್ಯಾಲಿಪರನ್ನು ಹಿಡಿದಿಡುವ ಬ್ರಾಕೆಟ್ಟಿನವು. ಕ್ಯಾಲಿಪರ್ ಕೈಗೆ ಬಂದ ಮೇಲೆ ಅದನ್ನು ಹೋಸಿನ ಮೇಲೆ ನೇತಾಡಲು ಬಿಡಬೇಡಿ. ಸಸ್ಪೆನ್ಷನ್ ಸ್ಪ್ರಿಂಗಿಗೆ ಗಟ್ಟಿ ತಂತಿಯಿಂದ ಕಟ್ಟಿ, ಹೋಸ್ ಸಡಿಲವಾಗಿರಲಿ. ಒಳಗಿನ ಪ್ಯಾಡ್ ಯಾವುದು, ಹೊರಗಿನದು ಯಾವುದು ಎಂದು ಚಾಕ್‌ಪೀಸಿನಲ್ಲಿ ಗುರುತು ಹಾಕಿ ತೆಗೆದಿಡಿ. ಮನೆಯವರಿಗೆಲ್ಲ ಹೇಳಿಡಿ: ಈ ಹೊತ್ತಿನಲ್ಲಿ ಯಾರೂ ಕಾರಿನೊಳಗೆ ಕುಳಿತು ಬ್ರೇಕ್ ತುಳಿಯಬಾರದು. ತುಳಿದರೆ ಪಿಸ್ಟನ್ ಹೊರಕ್ಕೆ ಬಂದುಬಿಡುತ್ತದೆ.

ಪಿಸ್ಟನ್ ಮುಂದೆ ಹಿಂದೆ ಸರಿಯುವುದು ಹೇಗೆಂದು ತಿಳಿಯಬೇಕಾದರೆ ಅದರ ಸುತ್ತಲಿನ ರಬ್ಬರ್ ಸೀಲನ್ನು ಅರ್ಥಮಾಡಿಕೊಳ್ಳಬೇಕು. ಅದು ಗುಂಡಗಿನ ಅಂಚಿನದಲ್ಲ, ಚೌಕಾಕಾರದ ಅಂಚಿನ ಉಂಗುರ. ಪೆಡಲ್ ತುಳಿದಾಗ ಪಿಸ್ಟನ್ ಮುಂದಕ್ಕೆ ಸರಿಯುತ್ತದೆ, ಅದನ್ನು ಅಪ್ಪಿ ಹಿಡಿದ ಸೀಲ್ ಕೂಡ ಅದರ ಜೊತೆ ಒಂದಿಷ್ಟು ಓರೆಯಾಗುತ್ತದೆ. ಕಾಲು ತೆಗೆದಾಗ ಸೀಲ್ ತನ್ನ ಹಳೆಯ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಹಿಂದಕ್ಕೆಳೆಯುತ್ತದೆ. ಡಿಸ್ಕಿನಿಂದ ಪ್ಯಾಡ್ ಬಿಡಿಸಿಕೊಳ್ಳುವುದು ಮುಖ್ಯವಾಗಿ ಇದರಿಂದಲೇ. ಪಿಸ್ಟನ್ ಹಿಂದೆ ಸರಿಯಲು ಒಳಗೆ ಬೇರೆ ಸ್ಪ್ರಿಂಗ್ ಇಲ್ಲ. ಇಷ್ಟು ಸೂಕ್ಷ್ಮ ಕೆಲಸ ಮಾಡುವ ಆ ರಬ್ಬರಿಗೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಯಾವುದೂ ಆಗದು. ತಾಗಿದರೆ ಊದಿಕೊಂಡು ಹಾಳಾಗುತ್ತದೆ. ನಮ್ಮಲ್ಲಿ ಕೊಳೆ ತೆಗೆಯಲು ಮೊದಲು ಕೈಗೆ ಬರುವುದು ಸೀಮೆಎಣ್ಣೆ ಬಾಟಲಿ ಅಥವಾ ಪೆಟ್ರೋಲ್ ಅದ್ದಿದ ಬಟ್ಟೆ. ದಯವಿಟ್ಟು ಇಲ್ಲಿ ಅದು ಬೇಡ. ಬ್ರೇಕ್ ಕ್ಲೀನರ್ ಸ್ಪ್ರೇ ತನ್ನಿ. ಇಲ್ಲದಿದ್ದರೆ ಸೋಪುನೀರು ಸಾಕು. ಒಣ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಮಾಡಿ ತೊಳೆಯಿರಿ. ಪ್ಯಾಡಿನ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಈಗ ಪಿನ್‌ಗಳು. ಕೈಯಿಂದ ಎಳೆದರೆ ಸಲೀಸಾಗಿ ಜಾರಿ ಬರಬೇಕು. ಹಳೆಯ ಗ್ರೀಸನ್ನು ಒರೆಸಿ, ಪಿನ್ ಕೂರುವ ತೂತನ್ನೂ ಶುಚಿ ಮಾಡಿ, ರಬ್ಬರಿಗೆ ಹೊಂದುವ ಸಿಲಿಕೋನ್ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಿ. ಪಿನ್ನಿನ ಮೇಲೆ ಗುಳಿ ಬಿದ್ದಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ನುಣುಪು ಮಾಡಲು ಹೋಗಬೇಡಿ, ಹೊಸ ಪಿನ್ ಹಾಕಿ. ಮೇಲಿನ ಮತ್ತು ಕೆಳಗಿನ ಪಿನ್ ಕೆಲವು ಕಾರುಗಳಲ್ಲಿ ಒಂದೇ ಬಗೆಯವಲ್ಲ, ಅದಲು ಬದಲಾಗದಿರಲಿ. ಬೂಟ್ ಹರಿದಿದ್ದರೆ ಬದಲಿಸಲೇಬೇಕು. ಪಿನ್ನು, ಬೂಟುಗಳ ಕಿಟ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ ತನ್ನಿ. ಅಲಾಯ್ ವೀಲ್‌ಗೆ ಕೊಟ್ಟ ಹಣದ ಮುಂದೆ ಅದು ಯಾವ ಲೆಕ್ಕವೂ ಅಲ್ಲ.

ಬಣ್ಣದ ಪಾಲಿಗೆ ಕರಾವಳಿಯಲ್ಲಿ ಒಂದು ಹೆಚ್ಚಿನ ಕೆಲಸ ಇದೆ. ವೈರ್ ಬ್ರಷ್ಷಿನಲ್ಲಿ ತುಕ್ಕು ಉಜ್ಜಿದ ಮೇಲೆ ಕಬ್ಬಿಣ ಶುಚಿಯಾದಂತೆ ಕಂಡರೂ ಅದರ ಸಣ್ಣ ಗುಳಿಗಳಲ್ಲಿ ಉಪ್ಪು ಉಳಿದಿರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಣ್ಣದ ಅಡಿಯಲ್ಲೇ ತುಕ್ಕು ಮತ್ತೆ ಶುರುವಾಗಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪದರ ಗುಳ್ಳೆಯೇಳುತ್ತದೆ. ಆದ್ದರಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಮತ್ತೆ ಉಜ್ಜಿ, ಮತ್ತೆ ತೊಳೆಯಿರಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಅದೇ ದಿನ ಮೊದಲ ಪದರ ಹಚ್ಚಿ. ರಾತ್ರಿ ಬಿಟ್ಟರೆ ಬೆಳಿಗ್ಗೆ ಹೊಸ ತುಕ್ಕಿನ ಕೆಂಪು ಕಾಣುತ್ತದೆ. ಇದೇ ಕಾರಣಕ್ಕೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಈ ಕೆಲಸ ಬೇಡವೇ ಬೇಡ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಹವೆಯಲ್ಲಿ ಮಾಡಿ.

ಸಾಮಾನ್ಯ ಎನಾಮಲ್ ಪೇಂಟ್ ಬ್ರೇಕಿನ ಬಿಸಿಗೆ ನಿಲ್ಲದು. ಕ್ಯಾಲಿಪರ್‌ಗೆಂದೇ ಬರುವ ಶಾಖ ತಡೆಯುವ ಬಣ್ಣ ಬೇಕು. ನನ್ನ ಆಯ್ಕೆ ಬ್ರಷ್ಷಿನಲ್ಲಿ ಹಚ್ಚುವ ಬಗೆ. ಸ್ಪ್ರೇ ಸುತ್ತಮುತ್ತ ಹಾರಿ ಡಿಸ್ಕಿನ ಮೇಲೂ ಹೋಸಿನ ಮೇಲೂ ಕೂರುತ್ತದೆ. ಪಿಸ್ಟನ್, ಅದರ ಧೂಳು ತಡೆಯುವ ಬೂಟ್, ಹೋಸ್, ಗಾಳಿ ತೆಗೆಯುವ ಬ್ಲೀಡ್ ನಿಪ್ಪಲ್, ಪಿನ್ನಿನ ತೂತು, ಪ್ಯಾಡ್ ಜಾರುವ ಅಂಚು ಇವೆಲ್ಲಕ್ಕೂ ಟೇಪು ಸುತ್ತಿ. ಬ್ರಾಕೆಟ್ ಬಿಚ್ಚಿದ್ದರೆ ಅದು ಮೈಗೆ ಮೈ ತಾಗಿ ಕೂರುವ ಮುಖಕ್ಕೂ ಬೋಲ್ಟಿನ ಎಳೆಗಳಿಗೂ ಬಣ್ಣ ತಾಗಬಾರದು. ಎರಡು ಲೋಹದ ನಡುವೆ ಸಿಕ್ಕ ಬಣ್ಣ ಬಿಸಿಗೂ ಒತ್ತಡಕ್ಕೂ ಕ್ರಮೇಣ ಹಿಸುಕಿಹೋಗುತ್ತದೆ. ಅಷ್ಟರಮಟ್ಟಿಗೆ ಬೋಲ್ಟ್ ಸಡಿಲ. ಪೌಡರ್ ಕೋಟಿಂಗ್ ಮಾಡಿಸೋಣವೆಂದು ಯಾರಾದರೂ ಹೇಳಿದರೆ, ಅದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಲೆಯಲ್ಲಿ ಬೇಯಿಸುವ ಬಣ್ಣ, ಅದಕ್ಕೆ ಒಳಗಿನ ರಬ್ಬರ್ ಪೂರ್ತಿ ತೆಗೆಯಬೇಕು ಎಂಬುದು ನೆನಪಿರಲಿ. ಮೇಲೆ ಅಂಟಿಸುವ ಪ್ಲಾಸ್ಟಿಕ್ ಕೆಂಪು ಕವರ್‌ಗಳನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಬಿಸಿ ಹೊರಹೋಗಲು ಅಡ್ಡಿ, ಕಳಚಿದರೆ ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯ.

ಇನ್ನು ಹೋಸ್ ಯಾಕೆ ಬಿಚ್ಚಬಾರದು ಎಂಬ ಮಾತು. ಬ್ರೇಕ್ ಆಯಿಲ್ ಗ್ಲೈಕಾಲ್‌ನಿಂದ ಮಾಡಿದ್ದು, ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ; ನೀರು ಹೀರಿದ ಮೇಲಿನ ಮಿತಿ 155. ಡಾಟ್ 3ಕ್ಕೆ ಇವು 205 ಮತ್ತು 140. ಘಾಟಿಯ ಇಳಿಜಾರಿನಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಮುಟ್ಟುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಲೈನಿನಲ್ಲಿ ಗಾಳಿ ಉಳಿದರೂ ಪೆಡಲ್ ಹಾಗೆಯೇ ಮೆತ್ತಗಾಗುತ್ತದೆ. ಹೋಸ್ ಬಿಚ್ಚಿದರೆ ಏರ್ ತೆಗೆಯಲೇಬೇಕು, ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಲೇಬೇಕು. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ; ಅದಕ್ಕಿಂತ ಹಳೆಯ ನಿಮ್ಮಂಥ ಕಾರುಗಳಲ್ಲೂ ಅನೇಕಕ್ಕೆ ಇದೆ. ಆಯಿಲ್ ಡಬ್ಬಿ ಖಾಲಿಯಾಗಿ ಎಬಿಎಸ್ ಘಟಕದೊಳಗೆ ಗಾಳಿ ಸೇರಿತೆಂದರೆ ಅದನ್ನು ತೆಗೆಯಲು ಹಲವು ಕಾರುಗಳಲ್ಲಿ ಸ್ಕ್ಯಾನರ್ ಬೇಕು. ಪಿಸ್ಟನ್ ಬಿಗಿದಿದ್ದರೆ, ಆಯಿಲ್ ಜಿನುಗುತ್ತಿದ್ದರೆ, ಪಿಸ್ಟನ್ನಿನ ಬೂಟ್ ಹರಿದಿದ್ದರೆ ಕ್ಯಾಲಿಪರ್ ಪೂರ್ತಿ ಬಿಚ್ಚುವುದು ಅನಿವಾರ್ಯ. ಅದನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸಿ. ಅಂಥ ಸ್ಥಿತಿಯಲ್ಲಿ ಬಣ್ಣ ಬಳಿದು ಮುಚ್ಚುವುದು ತಪ್ಪು.

ನಿಮ್ಮ ಕಾರಿನ ಹಿಂದಿನ ಚಕ್ರಗಳಲ್ಲಿ ಬಹುಶಃ ಡ್ರಮ್ ಬ್ರೇಕ್ ಇರುತ್ತದೆ, ಅಲ್ಲಿ ಬಿಚ್ಚಲು ಕ್ಯಾಲಿಪರ್ರೇ ಇಲ್ಲ. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಗುಂಡಿ ಒತ್ತುವ ಬಗೆಯದಾದರೆ ಮನೆಯಲ್ಲಿ ಮುಟ್ಟಬೇಡಿ.

ಮರುಜೋಡಣೆಯಲ್ಲಿ ಟಾರ್ಕ್ ರೆಂಚ್ ಬೇಕೇ ಬೇಕು. ಪಿನ್ನಿನ ಬೋಲ್ಟ್ ಹಲವು ಸಣ್ಣ ಕಾರುಗಳಲ್ಲಿ 30 ನ್ಯೂಟನ್ ಮೀಟರ್ ಆಸುಪಾಸು, ಬ್ರಾಕೆಟ್ಟಿನದು ಅದರ ಮೂರು ಪಟ್ಟು. ನಿಮ್ಮ ಮಾದರಿಯ ನಿಖರ ಅಂಕಿಯನ್ನು ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ನಿಧಾನಕ್ಕೆ ಹಿಂದಕ್ಕೆ ಒತ್ತುವಾಗ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ತುಳುಕಿದರೆ ಕಾರಿನ ಬಣ್ಣವನ್ನೂ ನೀವು ಈಗಷ್ಟೇ ಹಚ್ಚಿದ್ದನ್ನೂ ಕಿತ್ತುಹಾಕುತ್ತದೆ, ಕೂಡಲೇ ನೀರು ಸುರಿದು ತೊಳೆಯಿರಿ. ಡಿಸ್ಕಿನ ಮೇಲೆ ಗ್ರೀಸಿನ ಬೆರಳಚ್ಚೂ ಉಳಿಯದಿರಲಿ.

ಎರಡೂ ಚಕ್ರ ಹಾಕಿ ಕಾರು ಇಳಿಸಿದ ಮೇಲೆ, ಹೊರಡುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ತುಳಿಯಿರಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ಬಂದು ತಾಗುವವರೆಗೆ ಮೊದಲ ತುಳಿತಗಳು ಖಾಲಿಯೇ ಹೋಗುತ್ತವೆ. ಡಬ್ಬಿಯ ಮಟ್ಟ ನೋಡಿ. ಸಮತಟ್ಟು ಜಾಗದಲ್ಲೇ ನಡಿಗೆಯ ವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ಬ್ರೇಕ್ ಹಿಡಿದು ನೋಡಿ, ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಿ. ಮಣಿಪಾಲದ ಟೈಗರ್ ಸರ್ಕಲ್‌ನಿಂದ ಉಡುಪಿ ಕಡೆಗೆ ಇಳಿಯುವುದು ಅದಾದ ಮೇಲೆ.