ಚಿತ್ರದಿಂದ ಕೋಡ್‌ಗೆ: ಒಂದು ಜಾಲಿ ಹಲಗೆಯ ಲೆಕ್ಕ

ಬಾಗಿಲ ಮೇಲಿನ ಜಾಲಿ, ದೇವರ ಮನೆಯ ಬಾಗಿಲು, ಮಸೀದಿಯ ಕಿಟಕಿ, ಅಂಗಡಿಯ ಹೆಸರಿನ ಅಕ್ಷರಗಳು ಇವೆಲ್ಲ ಈಗ ಹೆಚ್ಚಾಗಿ ಸಿ.ಎನ್.ಸಿ. ಯಂತ್ರದಲ್ಲಿ ಕತ್ತರಿಸಿ ಬರುತ್ತವೆ. ಸಿ.ಎನ್.ಸಿ. ಎಂದರೆ ಕಂಪ್ಯೂಟರ್ ನ್ಯೂಮೆರಿಕಲ್ ಕಂಟ್ರೋಲ್. ಅಂಕಿಗಳ ಆಜ್ಞೆಯಂತೆ ನಡೆಯುವ ಯಂತ್ರ ಎಂದು ಅರ್ಥ. "ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ಸಾಕು, ಮಿಕ್ಕಿದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ" ಎಂದು ಬಹಳ ಜನ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಚಿತ್ರಕ್ಕೂ ಯಂತ್ರಕ್ಕೂ ನಡುವೆ ಮನುಷ್ಯ ಮಾಡಬೇಕಾದ ತೀರ್ಮಾನಗಳಿವೆ. ಹಲಗೆ ಕೆಡುವುದೂ ಉಳಿಯುವುದೂ, ಬಿಲ್ಲು ಏರುವುದೂ ಇಳಿಯುವುದೂ ಅಲ್ಲೇ.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಮಾಮು ಬಡಗಿ ಕೆಲಸದವರು. ಒಂದೇ ಅಳತೆಯ, ಒಂದೇ ಪ್ಲೈವುಡ್‌ನ ಎರಡು ಜಾಲಿಗಳಿಗೆ ಅವರಿಗೆ ಬಂದ ಬಿಲ್ಲಿನಲ್ಲಿ ಒಂದು ಇನ್ನೊಂದರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಅದು ಮೋಸವೋ ನ್ಯಾಯವೋ ಎಂದು ತಿಳಿಯಬೇಕಾದರೆ ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲೇಬೇಕಾಯಿತು.

ಮಗ್ಗದ ಉದಾಹರಣೆ

ನಮ್ಮ ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಜಕಾರ್ಡ್ ಮಗ್ಗ ನೋಡಿದವರಿಗೆ ಸಿ.ಎನ್.ಸಿ. ಅರ್ಥವಾಗುವುದು ಸುಲಭ. 1804ರ ಹೊತ್ತಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಈ ಮಗ್ಗದಲ್ಲಿ ಸೀರೆಯ ಅಂಚಿನ ಹೂವನ್ನು ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯುತ್ತಾರೆ. ಆಮೇಲೆ ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ. ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಮಗ್ಗಕ್ಕೆ ಹೂವು ಗೊತ್ತಿಲ್ಲ, ತೂತು ಮಾತ್ರ ಗೊತ್ತು.

ಲೋಹ ಕತ್ತರಿಸುವ ಯಂತ್ರಕ್ಕೂ ಮೊದಲು ಇದೇ ರೀತಿ ತೂತು ಹೊಡೆದ ಟೇಪಿನಿಂದಲೇ ಆಜ್ಞೆ ಕೊಡುತ್ತಿದ್ದರು. ಅಮೆರಿಕದ ಎಂ.ಐ.ಟಿ. ಸಂಸ್ಥೆ 1952ರಲ್ಲಿ ಅಂತಹ ಮಿಲ್ಲಿಂಗ್ ಯಂತ್ರವನ್ನು ಓಡಿಸಿ ತೋರಿಸಿತು. ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್.ಎಂ.ಟಿ. ಆರಂಭವಾಯಿತು. ಕೈಗಡಿಯಾರದಿಂದ ನಮಗೆ ಪರಿಚಿತವಾದ ಈ ಕಂಪನಿ ಹುಟ್ಟಿದ್ದೇ ಯಂತ್ರೋಪಕರಣ ತಯಾರಿಸಲು. ಈಗ ಟೇಪು ಹೋಗಿ ಕಂಪ್ಯೂಟರ್ ಬಂದಿದೆ. ತತ್ವ ಮಾತ್ರ ಬದಲಾಗಿಲ್ಲ.

ಮೂರು ಹಂತಗಳು

ಮೊದಲನೆಯದು ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಅಳತೆ ಸಹಿತ ಚಿತ್ರ ಬರೆಯುವುದು. ಚಿತ್ರ ಹೇಳುವುದು ವಸ್ತು ಕೊನೆಗೆ ಹೇಗಿರಬೇಕು ಎಂಬುದನ್ನು ಮಾತ್ರ.

ಎರಡನೆಯದು ಕ್ಯಾಮ್. ಯಾವ ಬಿಟ್ ಬಳಸಬೇಕು, ಎಲ್ಲಿಂದ ಶುರು ಮಾಡಬೇಕು, ಗೆರೆಯ ಒಳಗೆ ಹೋಗಬೇಕೋ ಹೊರಗೋ, ಒಂದು ಸಲಕ್ಕೆ ಎಷ್ಟು ಆಳ, ಎಷ್ಟು ವೇಗ ಎಂಬುದನ್ನೆಲ್ಲ ಇಲ್ಲಿ ನಾವು ತುಂಬಬೇಕು. ಆಗ ಸಾಫ್ಟ್‌ವೇರ್ ಬಿಟ್ ನಡೆಯುವ ದಾರಿಯನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಟೂಲ್‌ಪಾತ್ ಎನ್ನುತ್ತಾರೆ.

ಮೂರನೆಯದು ಪೋಸ್ಟ್ ಪ್ರೊಸೆಸರ್. ಅದು ಆ ದಾರಿಯನ್ನು ನಮ್ಮ ಯಂತ್ರಕ್ಕೆ ತಿಳಿಯುವ ಜಿ-ಕೋಡ್‌ಗೆ ಬದಲಿಸುತ್ತದೆ. ಜಿ-ಕೋಡ್‌ಗೆ ಐ.ಎಸ್.ಒ. 6983 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆದರೂ ಕನ್ನಡ ಊರೂರಿಗೆ ಸ್ವಲ್ಪ ಬದಲಾಗುವಂತೆ ಯಂತ್ರದಿಂದ ಯಂತ್ರಕ್ಕೆ ಅದು ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಒಂದು ಯಂತ್ರದ ಫೈಲನ್ನು ಪರೀಕ್ಷಿಸದೆ ಇನ್ನೊಂದರಲ್ಲಿ ಓಡಿಸಬಾರದು.

ಒಂದು ಕಿಂಡಿಯ ಕೋಡ್

12 ಮಿ.ಮೀ. ದಪ್ಪದ ಪ್ಲೈವುಡ್‌ನಲ್ಲಿ 40 ಮಿ.ಮೀ. ಚೌಕದ ಒಂದು ಕಿಂಡಿ ಬೇಕು ಎಂದಿಟ್ಟುಕೊಳ್ಳೋಣ. ಹಲಗೆಯ ಎಡಗಡೆಯ ಕೆಳಮೂಲೆ ನಮ್ಮ ಸೊನ್ನೆ. ಕಿಂಡಿ ಅಲ್ಲಿಂದ ಬಲಕ್ಕೆ 20, ಮೇಲಕ್ಕೆ 20 ಮಿ.ಮೀ. ದೂರದಲ್ಲಿ ಶುರುವಾಗುತ್ತದೆ. ಬಿಟ್‌ನ ವ್ಯಾಸ 6 ಮಿ.ಮೀ. ಯಂತ್ರಕ್ಕೆ ಕೋಡ್ ಹೋಗುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಜಿ21 – ಅಳತೆ ಮಿಲಿಮೀಟರಿನಲ್ಲಿ
ಜಿ90 – ಎಲ್ಲ ಅಳತೆಯೂ ಸೊನ್ನೆಯಿಂದ
ಎಂ3 ಎಸ್18000 – ಬಿಟ್ ನಿಮಿಷಕ್ಕೆ 18000 ಸುತ್ತು ತಿರುಗಲಿ
ಜಿ0 ಝಡ್5 – ಹಲಗೆಯಿಂದ 5 ಮಿ.ಮೀ. ಮೇಲೆ ನಿಲ್ಲು
ಜಿ0 ಎಕ್ಸ್23 ವೈ23 – ಶುರುವಿನ ಜಾಗಕ್ಕೆ ವೇಗವಾಗಿ ಹೋಗು
ಜಿ1 ಝಡ್-4 ಎಫ್300 – 4 ಮಿ.ಮೀ. ಆಳಕ್ಕೆ ನಿಧಾನವಾಗಿ ಇಳಿ
ಜಿ1 ಎಕ್ಸ್57 ಎಫ್1500 – ಬಲಕ್ಕೆ ಕತ್ತರಿಸು
ಜಿ1 ವೈ57 – ಮೇಲಕ್ಕೆ
ಜಿ1 ಎಕ್ಸ್23 – ಎಡಕ್ಕೆ
ಜಿ1 ವೈ23 – ಕೆಳಕ್ಕೆ

ಇದೇ ಸುತ್ತನ್ನು 8 ಮತ್ತು 12 ಮಿ.ಮೀ. ಆಳದಲ್ಲಿ ಮತ್ತೆ ಮಾಡಿದರೆ ಕಿಂಡಿ ಬೀಳುತ್ತದೆ.

ಚಿತ್ರದಲ್ಲಿ 20 ಇರುವಾಗ ಕೋಡ್‌ನಲ್ಲಿ 23 ಏಕೆ? ಕೋಡ್ ಹೇಳುವುದು ಬಿಟ್‌ನ ನಡುಬಿಂದು ಇರುವ ಜಾಗವನ್ನು. ಬಿಟ್ ತನ್ನ ಸುತ್ತ 3 ಮಿ.ಮೀ. ತಿನ್ನುತ್ತದೆ. ಹಾಗಾಗಿ ಅದು 34 ಮಿ.ಮೀ. ಚೌಕದಲ್ಲಿ ನಡೆದರೆ 40 ಮಿ.ಮೀ. ಕಿಂಡಿ ಸಿಗುತ್ತದೆ. ಗೆರೆಯ ಮೇಲೆಯೇ ನಡೆಸಿದರೆ ಕಿಂಡಿ 46 ಮಿ.ಮೀ. ಆಗಿ, ಕಿಂಡಿಗಳ ನಡುವಿನ ಪಟ್ಟಿ ತೆಳ್ಳಗಾಗುತ್ತದೆ. ಆಗಲೂ ಯಂತ್ರ ತಕರಾರು ಮಾಡುವುದಿಲ್ಲ. ಕೋಡ್ ಸರಿಯಾಗಿದ್ದೂ ಕೆಲಸ ತಪ್ಪಾಗಬಹುದು.

ಇನ್ನೂ ಎರಡು ಎಚ್ಚರಿಕೆ ಬೇಕು. ಚಿತ್ರದಲ್ಲಿ ಒಂದರ ಮೇಲೊಂದು ಎರಡು ಗೆರೆ ಇದ್ದರೆ ಬಿಟ್ ಅದೇ ದಾರಿಯಲ್ಲಿ ಎರಡು ಸಲ ನಡೆಯುತ್ತದೆ, ಸಮಯ ದಂಡ. ಕೊನೆಯ ಸುತ್ತಿನಲ್ಲಿ ನಡುವಿನ ತುಂಡು ಸಡಿಲವಾಗಿ ಬಿಟ್‌ಗೆ ಸಿಕ್ಕಿ ಹಾರಬಹುದು. ಅದಕ್ಕೇ ಅಲ್ಲಲ್ಲಿ ಸಣ್ಣ ಸೇತುವೆಯಂತೆ ಸ್ವಲ್ಪ ಮರ ಉಳಿಸಿ, ಆಮೇಲೆ ಕೈಯಿಂದ ಬಿಡಿಸುತ್ತಾರೆ.

ಮೂಲೆಯ ಸಮಸ್ಯೆ

ಚಿತ್ರದಲ್ಲಿ ಕಿಂಡಿಯ ಮೂಲೆ ಚೂಪಾಗಿರುತ್ತದೆ. ಬಿಟ್ ಮಾತ್ರ ದುಂಡಗೆ. 6 ಮಿ.ಮೀ. ಬಿಟ್ ಪ್ರತಿ ಒಳಮೂಲೆಯಲ್ಲೂ 3 ಮಿ.ಮೀ. ತ್ರಿಜ್ಯದ ದುಂಡನ್ನು ಉಳಿಸುತ್ತದೆ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಕಲ್ಲಿನ ಜಾಲಿ ನೋಡಿದವರು ನೆನಪಿಸಿಕೊಳ್ಳಿ. ಅಲ್ಲಿ ಕೆಲಸ ಮಾಡಿದ್ದು ಉಳಿ, ಉಳಿಗೆ ಮೂಲೆಯೊಳಗೆ ಇಳಿಯುವ ಅಂಚಿದೆ. ತಿರುಗುವ ಬಿಟ್‌ಗೆ ಅದಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. 3 ಮಿ.ಮೀ. ಬಿಟ್ ಹಾಕಿದರೆ ದುಂಡು 1.5 ಮಿ.ಮೀ.ಗೆ ಇಳಿದು, ದೂರದಿಂದ ಕಾಣುವುದಿಲ್ಲ. ಇಲ್ಲವೇ 6 ಮಿ.ಮೀ. ಬಿಟ್‌ನಲ್ಲೇ ಕತ್ತರಿಸಿ, ಬಡಗಿ ಉಳಿಯಿಂದ ಮೂಲೆ ತೆಗೆಯಬೇಕು. ಯಾವುದು ಲಾಭ? ಇಲ್ಲಿ ನಮ್ಮ ವಿಷಯ ಬರುತ್ತದೆ.

ನಿಮಿಷವೇ ಹಣ

6 ಮಿ.ಮೀ. ಬಿಟ್ ಒಂದು ಸುತ್ತಿಗೆ 136 ಮಿ.ಮೀ., ಮೂರು ಸುತ್ತಿಗೆ 408 ಮಿ.ಮೀ. ನಡೆಯುತ್ತದೆ. ನಿಮಿಷಕ್ಕೆ 1500 ಮಿ.ಮೀ. ವೇಗದಲ್ಲಿ, ಇಳಿಯುವ ಸಮಯವೂ ಸೇರಿ, ಒಂದು ಕಿಂಡಿಗೆ ಸುಮಾರು 20 ಸೆಕೆಂಡು. 3 ಮಿ.ಮೀ. ಬಿಟ್ ಸಣ್ಣದು, ಮುರಿಯುವ ಭಯವಿದೆ. ಅದನ್ನು 2 ಮಿ.ಮೀ. ಆಳದಂತೆ ಆರು ಸುತ್ತು, ನಿಮಿಷಕ್ಕೆ 1000 ಮಿ.ಮೀ. ವೇಗದಲ್ಲಿ ನಡೆಸಿದರೆ ಸುಮಾರು 57 ಸೆಕೆಂಡು. ನೂರು ಕಿಂಡಿಯ ಜಾಲಿಗೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಸಮಯ ಬಿಟ್ಟು, ಮೊದಲನೆಯದಕ್ಕೆ 33 ನಿಮಿಷ, ಎರಡನೆಯದಕ್ಕೆ 95 ನಿಮಿಷ.

ಈಗ ಯಂತ್ರದ ಗಂಟೆಯ ದರ. ಉದಾಹರಣೆಗೆ ಯಂತ್ರದ ಬೆಲೆ 6 ಲಕ್ಷ ರೂಪಾಯಿ, ಬಾಳಿಕೆ 10 ವರ್ಷ ಎನ್ನೋಣ. ಪ್ರತಿ ವರ್ಷ ಒಂದೇ ಮೊತ್ತ ಕಳೆದರೆ ಸವಕಳಿ ವರ್ಷಕ್ಕೆ 60,000 ರೂಪಾಯಿ. ವರ್ಷಕ್ಕೆ 1200 ಗಂಟೆ ಕೆಲಸ ಸಿಕ್ಕರೆ ಗಂಟೆಗೆ 50 ರೂಪಾಯಿ, 600 ಗಂಟೆ ಮಾತ್ರ ಸಿಕ್ಕರೆ 100 ರೂಪಾಯಿ. ಖಾಲಿ ನಿಂತ ಯಂತ್ರವೂ ಖರ್ಚು ತಿನ್ನುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಇದಕ್ಕೆ ವಿದ್ಯುತ್, ಆಪರೇಟರ್ ಸಂಬಳ, ಬಾಡಿಗೆ, ಬಿಟ್, ಲಾಭ ಎಲ್ಲ ಸೇರಿಸಿ ಗಂಟೆಗೆ 600 ರೂಪಾಯಿ, ಅಂದರೆ ನಿಮಿಷಕ್ಕೆ 10 ರೂಪಾಯಿ ಎಂದಿಟ್ಟುಕೊಂಡರೆ ಒಂದು ಜಾಲಿ 333 ರೂಪಾಯಿ, ಇನ್ನೊಂದು 950 ರೂಪಾಯಿ. ಹೊರಗಿನ ಅಳತೆ ಒಂದೇ, ಬಿಟ್ ನಡೆದ ದಾರಿ ಬೇರೆ.

ಕೈಗೆಲಸದ ಲೆಕ್ಕವನ್ನೂ ನೋಡೋಣ. ನೂರು ಕಿಂಡಿಗೆ 400 ಮೂಲೆ. ಬಡಗಿಯ ಕೂಲಿ ಎಂಟು ಗಂಟೆಗೆ 800 ರೂಪಾಯಿ ಎಂದು ಹಿಡಿದರೆ ಗಂಟೆಗೆ 100 ರೂಪಾಯಿ. ಒಂದು ಮೂಲೆಗೆ ಅರ್ಧ ನಿಮಿಷವಾದರೆ ಒಟ್ಟು 200 ನಿಮಿಷ, 333 ರೂಪಾಯಿ. ಯಂತ್ರದ್ದೂ ಸೇರಿ 666 ರೂಪಾಯಿ ಆಗುತ್ತದೆ. ಸಣ್ಣ ಬಿಟ್‌ಗಿಂತ ಅಗ್ಗ, ಮೂಲೆಯೂ ನಿಜವಾಗಿ ಚೂಪು. ಅದೇ ಒಂದು ಮೂಲೆಗೆ ಒಂದು ನಿಮಿಷ ಹಿಡಿದರೆ ಒಟ್ಟು 1000 ರೂಪಾಯಿ, ಆಗ ಯಂತ್ರವೇ ಅಗ್ಗ. ಸುಮಾರು 55 ಸೆಕೆಂಡಿನ ಹತ್ತಿರ ಎರಡೂ ಸಮ.

ಯಂತ್ರ ಬಂತು, ಬಡಗಿಯ ಕೆಲಸ ಹೋಯಿತು ಎಂದು ಒಂದೇ ಮಾತಿನಲ್ಲಿ ಹೇಳುವವರು ಈ ಲೆಕ್ಕ ಮಾಡಿಲ್ಲ. ಕೈ ಚುರುಕಾಗಿರುವ ಬಡಗಿಗೆ ಯಂತ್ರದ ಪಕ್ಕದಲ್ಲೇ ಜಾಗವಿದೆ. ಆದರೆ ಆ ಜಾಗ ಎಲ್ಲಿದೆ ಎಂದು ಲೆಕ್ಕ ಹಾಕಿ ತೋರಿಸುವವರು ಬೇಕು. ಲೆಕ್ಕ ಬಾರದೆ ಇದ್ದರೆ ಬಿಲ್ಲು ಕೊಟ್ಟವರ ಮಾತೇ ಕೊನೆ.

ಕಲಿಯಬೇಕೆನ್ನುವವರಿಗೆ

ಜಾಲಿ ಮಾಡಿಸುವವರು ಮೂರು ಪ್ರಶ್ನೆ ಕೇಳಬೇಕು: ಎಷ್ಟು ಮಿ.ಮೀ. ಬಿಟ್ ಹಾಕುತ್ತೀರಿ? ಒಟ್ಟು ಎಷ್ಟು ನಿಮಿಷ ಓಡುತ್ತದೆ? ಮೂಲೆ ಯಾರು ತೆಗೆಯುತ್ತಾರೆ? ನಿಮಿಷದ ಅಂದಾಜನ್ನು ಕ್ಯಾಮ್ ಸಾಫ್ಟ್‌ವೇರ್ ಕತ್ತರಿಸುವ ಮೊದಲೇ ತೋರಿಸುತ್ತದೆ.

ಈ ಕೆಲಸ ಕಲಿಯಲು ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಐ.ಟಿ.ಐ.ಗಳ ಮೆಷಿನಿಸ್ಟ್, ಟರ್ನರ್ ತರಬೇತಿಗಳಿವೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ.ಯಲ್ಲಿ ಡಿಪ್ಲೊಮಾ ಇದೆ. ಮನೆಯಲ್ಲೋ ಲ್ಯಾಬಿನಲ್ಲೋ ಪ್ರಯತ್ನಿಸುವವರಿಗೆ ಫ್ರೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಚಿತ್ರ ಬರೆಯುವುದು, ದಾರಿ ಲೆಕ್ಕ ಹಾಕುವುದು, ಕೋಡ್ ತೆಗೆಯುವುದು ಮೂರೂ ಅದರಲ್ಲೇ ಆಗುತ್ತವೆ. ಯಂತ್ರ ಮುಟ್ಟದೆ ಪರದೆಯ ಮೇಲೆ ಕತ್ತರಿಸಿ ನೋಡಬಹುದು. ಪರದೆಯ ಮೇಲೆ ಹಲಗೆ ಕೆಟ್ಟರೆ ಯಾರಿಗೂ ನಷ್ಟವಿಲ್ಲ.

ಕಂಪ್ಯೂಟರ್ ಇಲ್ಲದವರು ಗ್ರಾಫ್ ಹಾಳೆಯಲ್ಲೇ ಶುರು ಮಾಡಿ. 30 ಮಿ.ಮೀ. ವ್ಯಾಸದ ದುಂಡು ಕಿಂಡಿಯನ್ನು 6 ಮಿ.ಮೀ. ಬಿಟ್‌ನಲ್ಲಿ ತೆಗೆಯಬೇಕು. ಬಿಟ್‌ನ ನಡುಬಿಂದು ನಡೆಯುವ ವೃತ್ತದ ವ್ಯಾಸ ಎಷ್ಟು? 24 ಎಂದು ಬಂದರೆ ನಿಮ್ಮ ಉತ್ತರ ಸರಿ. ಮುಂದೆ, ಅದೇ ಬಿಟ್‌ನಲ್ಲಿ 30 ಮಿ.ಮೀ. ವ್ಯಾಸದ ದುಂಡು ಬಿಲ್ಲೆಯನ್ನು ಕತ್ತರಿಸಿ ತೆಗೆಯಬೇಕಾದರೆ ಎಷ್ಟು ಎಂದು ನೀವೇ ಯೋಚಿಸಿ.