ಸಂಗನಕಲ್ಲಿನ ಗುಡ್ಡಗಳಿಗೆ ಒಂದು ಸುತ್ತು

ಬಳ್ಳಾರಿಗೆ ಬಂದವರು ಕೋಟೆ ಗುಡ್ಡ ಹತ್ತುತ್ತಾರೆ, ಬಿಡುವಿದ್ದರೆ ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನಿಗೆ ಕೈಮುಗಿಯುತ್ತಾರೆ. ಊರಿನಿಂದ ಸುಮಾರು 8 ಕಿ.ಮೀ. ದೂರದ ಸಂಗನಕಲ್ಲಿನ ನೆನಪು ಯಾರಿಗೂ ಬರುವುದಿಲ್ಲ. ಹೋದವರೂ ಒಂದು ಗುಡ್ಡ ಹತ್ತಿ, ಫೋಟೊ ತೆಗೆದು, ಇಳಿದುಬಿಡುತ್ತಾರೆ. ಇಲ್ಲಿ ಹತ್ತುವುದಕ್ಕಿಂತ ಸುತ್ತುವುದೇ ಮೇಲು ಎಂಬುದು ನಡೆದು ನಡೆದು ನನಗೆ ತಿಳಿದ ಮಾತು.

ಸುತ್ತುವವರು ನಸುಕಿನಲ್ಲೇ ಹೊರಡಬೇಕು. ಬಿಸಿಲೇರಿದರೆ ಬಂಡೆ ಕಾಯುತ್ತದೆ, ನೆರಳು ಹುಡುಕಿದರೂ ಸಿಗದು. ದಾರಿಗೆ ನಕ್ಷೆಗಿಂತ ಕುರಿ ಕಾಯುವವರೇ ಆಸರೆ. "ಅಣ್ಣಾ, ಹಿಂಗ ಬಳಸಿ ಬರ್ರಿ, ಕರಿ ಕಲ್ಲು ಆ ಕಡೆ ಅದಾವ" ಎಂದು ಕೋಲು ಎತ್ತಿ ತೋರಿಸುತ್ತಾರೆ. ಆ ಕೋಲು ತಪ್ಪುವುದಿಲ್ಲ.

ನೆರೆಯ ಕುಪ್ಪಗಲ್ಲಿನ ಬೂದಿದಿಬ್ಬದಿಂದ ಶುರುಮಾಡಿದರೆ ಕಥೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ದಿಬ್ಬಗಳನ್ನು ಜನ ಪುರಾಣಕ್ಕೆ ಗಂಟು ಹಾಕಿದ್ದಾರೆ. ಹಂಪಿಯ ಹತ್ತಿರದ ನಿಂಬಾಪುರದಲ್ಲಿರುವುದು ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ನಿಜದಲ್ಲಿ ಈ ಬೂದಿ ನವಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ರಾಶಿಬಿದ್ದು ಸುಟ್ಟ ಸಗಣಿ. 19ನೆಯ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ಊಹಿಸಿದ್ದರು. 1963ರಲ್ಲಿ ಬಂದ ಪುರಾತತ್ವಜ್ಞ ಆಲ್ಚಿನ್ ಅವರ ಪುಸ್ತಕ ದನಗಾಹಿಗಳ ಆ ಬದುಕನ್ನೇ ವಿಸ್ತಾರವಾಗಿ ಬರೆಯಿತು.

ಮುಂದೆ ಸಣ್ಣರಾಚಮ್ಮನ ಗುಡ್ಡ. ಪುರಾತತ್ವಜ್ಞ ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದ ಜಾಗ. ಇಲ್ಲಿನ ಬಂಡೆಯ ಮೇಲೆ ಉದ್ದುದ್ದ ಗೆರೆಗುಳಿಗಳಿವೆ. ಬೆರಳಾಡಿಸಿದರೆ ಹಳೆಯ ಒರಳಿನ ಒಳಮೈಯಷ್ಟು ನುಣುಪು. ಕಲ್ಲುಕೊಡಲಿಯನ್ನು ಉಜ್ಜಿ ಉಜ್ಜಿ ಆದ ಸವೆತ ಅದು. ಈ ಗುಡ್ಡಗಳ ಜನ ಹುರುಳಿ, ಹೆಸರು, ಕೊರಲೆ ಬೆಳೆದು ಉಣ್ಣುತ್ತಿದ್ದರು ಎಂಬುದಕ್ಕೆ ಮಣ್ಣಿನಲ್ಲಿ ಸಿಕ್ಕ ಸುಟ್ಟ ಕಾಳುಗಳೇ ಸಾಕ್ಷಿ. ಇಂದಿಗೂ ಹುರುಳಿ ನಮ್ಮ ಅಡುಗೆಮನೆ ಬಿಟ್ಟಿಲ್ಲ.

ಕೊಡಲಿಯ ಕಲ್ಲು ಎಲ್ಲಿಂದ ಬಂತು? ಪಕ್ಕದ ಹಿರೇಗುಡ್ಡವನ್ನು ಬಳಸಿ ಬಂದವರಿಗೆ ಉತ್ತರ ಕಣ್ಣಿಗೇ ಬೀಳುತ್ತದೆ. ಬೆಳ್ಳಗಿನ ಗ್ರಾನೈಟಿನ ನಡುವೆ ಕಪ್ಪು ಡಾಲರೈಟಿನ ಪಟ್ಟಿಯೊಂದು ಹಾದುಹೋಗಿದೆ. ತುದಿಯ ಮೇಲೆ ನಿಂತವರಿಗೆ ಅದು ಬರೀ ಕರಿಬಂಡೆಗಳ ರಾಶಿ. ಈ ಬಂಡೆಗಳ ಮೇಲೆಯೇ ಉದ್ದ ಕೊಂಬಿನ ದನಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದ್ದಾರೆ. ಕೆಲವು ಚಿತ್ರಗಳಿರುವ ಜಾಗ ಎಂಥದ್ದೆಂದರೆ, ಬಿಡಿಸಿದವನು ಮೇಲಿನ ಬಂಡೆಯಿಂದ ಜೋತುಬಿದ್ದೇ ಕೆಲಸ ಮಾಡಿರಬೇಕು! ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ನಾದ ಹೊರಡುತ್ತದೆ. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೋವಿನ್ ಈ ಬಗ್ಗೆ ಬರೆದಾಗ ಜಗತ್ತಿನ ಪತ್ರಿಕೆಗಳೆಲ್ಲ ಕಿವಿಗೊಟ್ಟವು. ನಮ್ಮವರು ಕಿವಿಗೊಟ್ಟದ್ದು ಸ್ವಲ್ಪ ಕಡಿಮೆಯೇ.

ಅದಕ್ಕೆ ಸಾಕ್ಷಿ, ಈ ಬಂಡೆಗಳ ನೆರೆಯಲ್ಲೇ ಎದ್ದ ಕ್ವಾರಿಗಳು. ಚಿತ್ರಗಳಿಗೆ ಅಪಾಯವಿದೆ ಎಂದು ಬೋವಿನ್ ಅಂದೇ ಎಚ್ಚರಿಸಿದ್ದರು. ಜಲ್ಲಿ ಬೇರೆ ಕಡೆಯೂ ಸಿಗುತ್ತದೆ, ಈ ದನಗಳು ಸಿಗುವುದಿಲ್ಲ.

ಊರಿಗೆ ಮರಳಿ ಒಗ್ಗರಣೆ-ಮಿರ್ಚಿ ತಿಂದ ಮೇಲೆ, ಫೂಟ್ ಹೆಸರಿನಲ್ಲಿ ಬಳ್ಳಾರಿಯಲ್ಲೇ ಇರುವ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೂ ಹೋಗಿಬನ್ನಿ. ಬೆಳಿಗ್ಗೆ ಕಂಡ ಚೂರುಗಳು ಅಲ್ಲಿ ಇಡಿಯಾಗಿ ಕಾಣುತ್ತವೆ. ಗುಡ್ಡದಲ್ಲಿ ಕೊಡಲಿಯ ಚಕ್ಕೆ ಕಾಲಿಗೆ ತಗುಲಿದರೆ ಮಾತ್ರ ಜೇಬಿಗೆ ಹಾಕಿಕೊಳ್ಳಬೇಡಿ. ಬಿದ್ದ ಜಾಗದಲ್ಲಿದ್ದರಷ್ಟೇ ಅದು ಯಾರು ಎಲ್ಲಿ ಕೂತು ಕೆತ್ತಿದರೆಂದು ಹೇಳಬಲ್ಲದು. ಕಲ್ಲಿನ ನಾದ ಕೇಳುವ ಆಸೆಯಿದ್ದರೆ, ಚಿತ್ರವಿರುವ ಬಂಡೆಯನ್ನು ಮುಟ್ಟದೆ ಬಿಟ್ಟುಬಿಡಿ.