ಬಂದರಿನ ಹೂಳಿಗೂ ಪುತ್ತೂರಿನ ಗುಡ್ಡಕ್ಕೂ ಏನು ಸಂಬಂಧ?

ಪ್ರಶ್ನೆ: ಮಂಗಳೂರಿನ ಬಂದರು ಉಳಿಯಬೇಕಾದರೆ ಘಟ್ಟದ ಕಡೆಯ ಊರುಗಳೂ ಕೈಜೋಡಿಸಬೇಕು ಎನ್ನುತ್ತಾರೆ. ಕಡಲಿನಿಂದ ಇಷ್ಟು ದೂರವಿರುವ ನಾವು ಮಾಡುವಂಥದ್ದೇನಿದೆ? ಬೇರೆಲ್ಲಾದರೂ ಜನ ಹೀಗೆ ಮಾಡಿದ್ದುಂಟೇ?
– ಓದುಗರು, ದರ್ಬೆ, ಪುತ್ತೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ದರ್ಬೆಯಲ್ಲಿ ನಿಂತವರಿಗೆ ಕಡಲು ಕಾಣದು. ಸಂಶಯ ಬರುವುದು ಸಹಜ. ನಿಮ್ಮ ಪೇಟೆಯ ನಲ್ಲಿ ನೀರಿನಿಂದಲೇ ಆರಂಭಿಸೋಣ. ಅದನ್ನು ನೆಕ್ಕಿಲಾಡಿಯಲ್ಲಿ ಕುಮಾರಧಾರೆಯಿಂದ ಎತ್ತುತ್ತಾರೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿ ಬಂಟ್ವಾಳ, ತುಂಬೆ ದಾಟಿ, ಬೆಂಗ್ರೆಯ ಬಳಿ ಫಲ್ಗುಣಿಯೊಡನೆ ಅಳಿವೆಬಾಗಿಲಿನಲ್ಲಿ ಸಮುದ್ರ ಸೇರುತ್ತದೆ. ಮೀನುಗಾರರ ಧಕ್ಕೆಯೂ ಹಳೆಯ ಬಂದರೂ ಈ ಅಳಿವೆಯ ಒಳಗಿವೆ.

ಬಂದರು ಎಂದೊಡನೆ ಹಲವರಿಗೆ ಪಣಂಬೂರು ನೆನಪಾಗುತ್ತದೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಅದು ನೆಲ ಅಗೆದು ಕಟ್ಟಿದ ಬಂದರು, ನದಿಯ ಬಾಯಲ್ಲಿಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಟ್ರಾಲ್ ಬೋಟುಗಳು ತಂಗುವ ಹಳೆಯ ಬಂದರಿನ ಬಗ್ಗೆ.

ಮಳೆಗಾಲದಲ್ಲಿ ಹೊಳೆ ಹೊತ್ತು ತರುವ ಮಣ್ಣು, ಹರಿವಿನ ವೇಗ ತಗ್ಗುವ ಅಳಿವೆಯಲ್ಲಿ ಕೂರುತ್ತದೆ. ಉಪ್ಪುನೀರು ತಾಗಿದೊಡನೆ ನುಣ್ಣನೆಯ ಜೇಡಿಯೂ ಉಂಡೆಗಟ್ಟಿ ಕೆಳಗಿಳಿಯುತ್ತದೆ. ಹೊರಗಿನಿಂದ ಅಲೆಗಳು ಮರಳನ್ನು ಒಳಕ್ಕೆ ತಳ್ಳುತ್ತವೆ. ಬೇಸಗೆಯಲ್ಲಿ ಹರಿವು ಬಡವಾದರೆ ಇದನ್ನು ಹೊರಹಾಕುವ ಬಲ ನದಿಗಿರುವುದಿಲ್ಲ. ಅಳಿವೆಯಲ್ಲಿ ದೋಣಿ ಮಗುಚುವುದಕ್ಕೂ ಮೀನುಗಾರರು ಡ್ರೆಜ್ಜಿಂಗ್‌ಗಾಗಿ ಪದೇ ಪದೇ ಒತ್ತಾಯಿಸುವುದಕ್ಕೂ ಈ ಹೂಳೇ ಕಾರಣ. ಹಾಗೆಂದು ಮಣ್ಣೆಲ್ಲವೂ ಕೆಟ್ಟದ್ದಲ್ಲ. ನದಿ ತರುವ ಮರಳು ಕಡಲತೀರವನ್ನು ಕಾಯುತ್ತದೆ. ತೊಂದರೆ ಕೊಡುವುದು ನಾವು ಗುಡ್ಡ ಜರಿಸಿ, ಕೆಂಪುಕಲ್ಲಿನ ಕೋರೆ ತೋಡಿ ಹೆಚ್ಚಿಗೆ ಸೇರಿಸುವ ಮಣ್ಣು.

ಜನ ಹೀಗೆ ಮಾಡಿದ್ದುಂಟೇ ಎಂಬುದಕ್ಕೆ ಉತ್ತರ ಕನ್ನಡದತ್ತ ನೋಡಿ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಅಣೆಕಟ್ಟಿಲ್ಲದೆ ತದಡಿಯ ಮೀನುಗಾರಿಕಾ ಬಂದರಿನವರೆಗೆ ಹರಿಯುತ್ತದೆ. ಪಕ್ಕದ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಅಡಿಕೆ ಬೆಳೆಗಾರರ ಸಂಘವೊಂದು ಯೋಜನೆಯ ಲಾಭನಷ್ಟವನ್ನು ಲೆಕ್ಕ ಹಾಕಿಸಿದ್ದು ನನಗೆ ಇಂದಿಗೂ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ. ಕೊನೆಗೆ ಯೋಜನೆಯನ್ನು ಕೈಬಿಡಲಾಯಿತು. ಮುಂದೆ ಸ್ವರ್ಣವಲ್ಲಿ ಮಠದ ಶ್ರೀಗಳ ಮಾರ್ಗದರ್ಶನದಲ್ಲಿ ಬೇಡ್ತಿ-ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಎರಡೂ ಕಣಿವೆಗಳ ಪರವಾಗಿ ನಿಂತಿತು. ಕೆಳಗೆ ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು ತದಡಿಯ ಶಾಖೋತ್ಪನ್ನ ಸ್ಥಾವರವನ್ನು ವಿರೋಧಿಸಿದರು, ಅದೂ ಬರಲಿಲ್ಲ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಪ್ರಕಟವಾಯಿತು. ಮೇಲಿನ ತೋಟದವರೂ ಕೆಳಗಿನ ದೋಣಿಯವರೂ ತಮ್ಮ ನದಿಗಳ ಬಗ್ಗೆ ಮಾತಾಡಿದ್ದು ಇದಕ್ಕೆಲ್ಲ ನೆರವಾಯಿತು.

ನಮ್ಮಲ್ಲೂ ಘಟ್ಟದ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ವಿರುದ್ಧ ಜಿಲ್ಲೆಯ ಜನ ವರ್ಷಗಟ್ಟಲೆ ಹೋರಾಡಿದರು. ಆ ಹಳ್ಳಗಳ ನೀರು ಗುಂಡ್ಯದ ಮೂಲಕ ಕುಮಾರಧಾರೆಗೆ ಬರುವಂಥದ್ದು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಚಾಲನೆಗೊಂಡಿತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಸಮುದ್ರ ಸೇರುವ ನೀರು ವ್ಯರ್ಥ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಅಳಿವೆಯ ಬಾಯಿ ತೆರೆದಿರುವುದು, ಮೀನು ಮರಿ ಮಾಡುವುದು ಆ ನೀರಿನಿಂದಲೇ.

ಇನ್ನು ನೀವು ಮಾಡಬಹುದಾದದ್ದು. ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುವುದು ನಿಮ್ಮ ಸೀಮೆಯ ಹಳೆಯ ರೂಢಿ. ಪುತ್ತೂರಿನಿಂದಲೇ ಹೊರಡುವ 'ಅಡಿಕೆ ಪತ್ರಿಕೆ' ಜಲಸಂರಕ್ಷಣೆಯ ಬಗ್ಗೆ ಬಹಳ ಬರೆದಿದೆ. ಕಟ್ಟದಲ್ಲಿ ನಿಂತ ನೀರು ನೆಲಕ್ಕಿಳಿದು ಬಾವಿ, ಕೆರೆಗಳನ್ನು ತುಂಬುತ್ತದೆ. ಹೊಳೆಯಿಂದ ಪಂಪಿನಲ್ಲಿ ಎತ್ತುವುದು ಅಷ್ಟು ಕಡಿಮೆಯಾದರೆ ಬೇಸಗೆಯ ಹರಿವಿಗೂ ಉಸಿರು ಸಿಗುತ್ತದೆ. ಇನ್ನು ಹೂಳಿನ ಮೂಲ ತಿಳಿಯಲು, ಜೂನಿನ ಮೊದಲ ಜೋರು ಮಳೆಗೆ ನಿಮ್ಮ ಚರಂಡಿ ಯಾವ ತೋಡಿಗೆ, ಆ ತೋಡು ಯಾವ ಹೊಳೆಗೆ ಹೋಗುತ್ತದೆಂದು ನಾಲ್ಕು ಜನ ಸೇರಿ ನಡೆದು ನೋಡಿ. ಎಲ್ಲಿಂದ ನೀರು ಕೆಂಪಾಗುತ್ತದೋ ಆ ಜಾಗ ಗುರುತಿಸಿ, ಫೋಟೊ ತೆಗೆದು ನಗರಸಭೆಗೆ ಬರೆದು ಕೊಡಿ.